ಕೆಂಡದ ನೀರಿನ ಲೆಕ್ಕ

ಸಿಗರೇಟು ತಾನಾಗಿ ಆರುವುದಿಲ್ಲ. ಆರದಂತೆಯೇ ಅದನ್ನು ತಯಾರಿಸಿರುತ್ತಾರೆ. ಎಳೆಎಳೆಯಾಗಿ ಕತ್ತರಿಸಿದ ತಂಬಾಕು, ಗಾಳಿಯಾಡುವ ತೆಳು ಕಾಗದ, ಆ ಕಾಗದಕ್ಕೆ ಉಣಿಸಿದ ಸಿಟ್ರೇಟ್ ಲವಣ ಎಲ್ಲ ಸೇರಿ, ಆ್ಯಶ್‌ಟ್ರೇ ಅಂಚಿನಲ್ಲಿ ಮರೆತುಹೋದ ಸಿಗರೇಟು ಕೂಡ ಬುಡದವರೆಗೆ ಉರಿದು ಬೂದಿಯಾಗುತ್ತದೆ. ಹಾಸಿಗೆಗೆ, ಸೋಫಾಕ್ಕೆ ಕಿಡಿ ತಗುಲಿ ಜನ ಮಲಗಿದಲ್ಲೇ ಸುಟ್ಟು ಸಾಯುವುದನ್ನು ತಪ್ಪಿಸಲು ಅಮೆರಿಕದ ನ್ಯೂಯಾರ್ಕ್ ರಾಜ್ಯ 2004ರಲ್ಲಿ, ಐರೋಪ್ಯ ಒಕ್ಕೂಟ 2011ರಲ್ಲಿ, ಸೇದದೆ ಬಿಟ್ಟರೆ ಆರಿಹೋಗುವಂಥ ಸಿಗರೇಟನ್ನೇ ಮಾರಬೇಕೆಂದು ನಿಯಮ ತರಬೇಕಾಯಿತು. ಕಂಪನಿಗಳು ಕಾಗದದಲ್ಲಿ ಅಲ್ಲಲ್ಲಿ ಗಾಳಿ ತೂರದ ಪಟ್ಟಿಗಳನ್ನು ಇಟ್ಟವು. ಕೆಂಡ ಆ ಪಟ್ಟಿಯ ಹತ್ತಿರ ಬಂದು ಉಸಿರುಕಟ್ಟಿ ಸಾಯುತ್ತದೆ.

ಸಿಗಾರಿಗೆ ಇಂಥ ಕಾನೂನು ಬೇಕಿಲ್ಲ. ಎರಡು ನಿಮಿಷ ಮಾತಿಗೆ ಕೂತರೆ ಸಾಕು, ಆರಿರುತ್ತದೆ. ಕಾಗದವಿಲ್ಲ, ಸಿಟ್ರೇಟ್ ಇಲ್ಲ. ಒಡಲಲ್ಲಿ ಉದ್ದುದ್ದ ಮಡಿಸಿದ ಎಲೆ, ಅದನ್ನು ಬಿಗಿಯುವ ಕಟ್ಟು ಎಲೆ, ಮೇಲೆ ನಯವಾದ ಹೊದಿಕೆ ಎಲೆ. ತುದಿಯಿಂದ ಬುಡದವರೆಗೆ ಎಲ್ಲವೂ ತಂಬಾಕೇ. ಇಷ್ಟು ದಪ್ಪನೆಯ ಎಲೆಯ ಕಟ್ಟು ಒಂದು ಗಂಟೆ ಕಾಲ ಕೆಂಡ ಹಿಡಿದಿರಬೇಕಾದರೆ ಒಳಗಿನ ನೀರಿನ ಲೆಕ್ಕ ಸರಿಯಿರಬೇಕು. ಅಂಗಡಿಯವರು, ಸೇದುವವರು ಇದನ್ನೆಲ್ಲ ಒಂದೇ ಅಂಕಿಗೆ ಇಳಿಸಿ ‘ಎಪ್ಪತ್ತರಲ್ಲಿಡಿ’ ಅನ್ನುತ್ತಾರೆ. ಆ ಅಂಕಿ ಸಿಗಾರು ಇಡುವ ಪೆಟ್ಟಿಗೆಯ ಗಾಳಿಯ ಆರ್ದ್ರತೆಯದು. ಕೆಂಡಕ್ಕೆ ಎದುರಾಗುವುದು ಎಲೆಯೊಳಗಿನ ನೀರು. ಇವೆರಡರ ನಡುವಿನ ಅಂತರದಲ್ಲೇ ಬಹುಪಾಲು ಫಜೀತಿ ಇರುವುದು.

ಮೊದಲು ಕೆಂಡವನ್ನೇ ನೋಡೋಣ. ಜ್ವಾಲೆಯಲ್ಲಿ ಉರಿಯುವುದು ಅನಿಲ. ಕೆಂಡದಲ್ಲಿ ಉರಿಯುವುದು ಘನರೂಪದ ಇದ್ದಿಲು. ಆಮ್ಲಜನಕ ಆ ಇದ್ದಿಲಿನ ಮೈಗೇ ಬಂದು ತಾಗಬೇಕು. ಸಿಗಾರನ್ನು ಉದ್ದಕ್ಕೆ ಸೀಳಿ ನೋಡಿದರೆ ತುದಿಯಲ್ಲಿ ಬೂದಿ, ಅದರ ಹಿಂದೆ ಕೆಂಡ, ಕೆಂಡದ ಹಿಂದೆ ಇನ್ನೂ ಉರಿಯದೆ ಬರೀ ಬಿಸಿಗೇ ಒಡೆದು ಹೊಗೆಯಾಗುತ್ತಿರುವ ಕಪ್ಪು ಎಲೆ, ಅದರ ಹಿಂದೆ ನೀರು ಬಿಡುತ್ತಿರುವ ಎಲೆ. ಇವೆಲ್ಲ ಕೆಲವೇ ಮಿಲಿಮೀಟರುಗಳಲ್ಲಿ ಒತ್ತಾಗಿ ನಿಂತಿರುತ್ತವೆ. ದಮ್ಮು ಎಳೆದಾಗ ಗಾಳಿ ನುಗ್ಗಿ ಕೆಂಡ ನಿಗಿನಿಗಿ ಎನ್ನುತ್ತದೆ. ಸಿಗರೇಟಿನಲ್ಲಿ ಅಳೆದವರ ಪ್ರಕಾರ ಆಗ ಕೆಂಡದ ಅಂಚಿನ ಬಿಸಿ 900 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಬಿಟ್ಟಾಗ ಬೂದಿಯ ಪದರದ ಮೂಲಕ, ಎಲೆಯ ಸಂದುಗಳ ಮೂಲಕ ತಾನಾಗಿ ಜಿನುಗಿ ಬರುವ ಗಾಳಿಯೇ ಗತಿ. ಅದೂ ಸಾಲದಿದ್ದರೆ ಕೆಂಡ ಕುಂದುತ್ತದೆ. ನಮ್ಮ ಬೀಡಿ ಪದೇ ಪದೇ ಆರುವುದು ಇದೇ ಕಾರಣಕ್ಕೆ. ಬೀಡಿ ಎಲೆಗೆ ಸಿಗರೇಟು ಕಾಗದದಂತೆ ಗಾಳಿ ಬಿಡುವ ಗುಣವಿಲ್ಲ, ಸುಲಭವಾಗಿ ಉರಿಯುವ ಗುಣವೂ ಇಲ್ಲ. ಆದ್ದರಿಂದ ಬೀಡಿ ಸೇದುವವರು ಸಿಗರೇಟಿನವರಿಗಿಂತ ಹೆಚ್ಚು ಸಲ, ಹೆಚ್ಚು ಬಲವಾಗಿ ಎಳೆಯಬೇಕು. ಎದೆಗೆ ಇಳಿಯುವ ಹೊಗೆಯೂ ಅಷ್ಟೇ ಹೆಚ್ಚು.

ಈಗ ನೀರು. ಒಂದು ಗ್ರಾಂ ಒಣ ಎಲೆ ಪೂರ್ತಿ ಉರಿದರೆ ಸುಮಾರು 16 ಸಾವಿರ ಜೂಲ್ ಶಾಖ ಹುಟ್ಟುತ್ತದೆ. ಹದವಾದ ಸಿಗಾರಿನಲ್ಲಿ ಅಷ್ಟು ಎಲೆಯ ಜೊತೆಗಿರುವ ನೀರು ಹೆಚ್ಚೆಂದರೆ 0.16 ಗ್ರಾಂ. ಅದನ್ನು ಕಾಯಿಸಿ ಆವಿ ಮಾಡಲು 400 ಜೂಲ್ ಸಾಕು. ಹದಿನಾರು ಸಾವಿರದ ಮುಂದೆ ನಾನೂರು ಯಾವ ಲೆಕ್ಕ? ನೀರಿನಿಂದ ಸಿಗಾರು ಆರುವುದೇ ಸುಳ್ಳು ಎನಿಸಬೇಕು.

ಆದರೆ ಆ ಹದಿನಾರು ಸಾವಿರವೂ ಮುಂದಿನ ಎಲೆಗೆ ದಕ್ಕುವುದಿಲ್ಲ. ಎಲೆಯ ದೊಡ್ಡ ಪಾಲು ಉರಿಯದೆ ಹೊಗೆಯಾಗಿ ಹೋಗುತ್ತದೆ. ಹುಟ್ಟಿದ ಶಾಖದಲ್ಲೂ ಬಹುಪಾಲು ಸುತ್ತಲಿನ ಗಾಳಿಗೆ ಪುಕ್ಕಟೆ ಹಂಚಿಕೆ. ಕೆಂಡ ಒಂದು ಮಿಲಿಮೀಟರ್ ಹಿಂದಕ್ಕೆ ಸರಿಯಲು ಬೇಕಾದದ್ದು ಮುಂದಿನ ಎಲೆಯನ್ನು ಒಡೆಯುವ ಬಿಸಿಗೆ, ಅಂದರೆ 300 ಡಿಗ್ರಿಯ ಆಸುಪಾಸಿಗೆ, ತರುವಷ್ಟು ಶಾಖ. ಒಣ ಎಲೆಯಾದರೆ ಗ್ರಾಂಗೆ 400 ಜೂಲ್ ಸುಮಾರು. ಇಲ್ಲಿ ನೀರಿನ 400 ಬಂದು ಸೇರಿತೆಂದರೆ ಖರ್ಚು ಸರಿಯಾಗಿ ಇಮ್ಮಡಿ. ಹದ ತಪ್ಪಿ ಎಲೆಯಲ್ಲಿ 0.22 ಗ್ರಾಂ ನೀರಿದ್ದರೆ ನೀರಿನ ಪಾಲೇ 560 ಜೂಲ್ ದಾಟಿ, ಎಲೆಯ ಪಾಲನ್ನೂ ಮೀರಿಸುತ್ತದೆ. ಅಂದಾಜಿನ ಲೆಕ್ಕವೇ ಆದರೂ ಇದು ತೋರಿಸುವ ದಿಕ್ಕು ಸರಿ. ದಮ್ಮು ಎಳೆಯುವಾಗ ಕೆಂಡ ಈ ಖರ್ಚನ್ನು ಸುಲಭವಾಗಿ ನಿಭಾಯಿಸುತ್ತದೆ. ಎರಡು ದಮ್ಮುಗಳ ನಡುವಿನ ಆ ಒಂದು ನಿಮಿಷದಲ್ಲಿ ಆದಾಯ ಕಡಿಮೆ, ಖರ್ಚು ಅಷ್ಟೇ. ಸಿಗಾರು ಆರುವುದು ಆಗ.

ಸಾಲದ್ದಕ್ಕೆ ಒದ್ದೆ ಎಲೆ ಉಬ್ಬುತ್ತದೆ. ಒಡಲಿನ ಸಂದುಗಳು ಕಿರಿದಾಗಿ ಎಳೆದರೆ ಗಾಳಿಯೇ ಬರುವುದಿಲ್ಲ. ಕೆನ್ನೆ ಒಳಗೆ ಹೋಗುತ್ತದೆ, ಹೊಗೆ ಬರುವುದಿಲ್ಲ. ಬಂದಷ್ಟು ಗಾಳಿಯಲ್ಲೂ ನೀರಾವಿ ಬೆರೆತು ಆಮ್ಲಜನಕ ತೆಳುವಾಗುತ್ತದೆ. ಹೀಗೆ ನೀರು ಶಾಖವನ್ನೂ ತಿನ್ನುತ್ತದೆ, ದಾರಿಯನ್ನೂ ಕಟ್ಟುತ್ತದೆ. ಹಾಗೆಂದು ನೀರೇ ಇಲ್ಲದಿದ್ದರೆ? ಸಿಗಾರು ಬೇಗಬೇಗ, ಬಿಸಿಬಿಸಿಯಾಗಿ ಉರಿದು ನಾಲಿಗೆ ಚುರ್ ಎನ್ನುವಷ್ಟು ಕಹಿಯಾಗುತ್ತದೆ. ಒಣಗಿದ ಹೊದಿಕೆ ಎಲೆ ಬೆರಳ ಒತ್ತಿಗೇ ಪುಡಿಯಾಗುತ್ತದೆ.

ತಂಬಾಕು ಎಲೆ ಗಾಳಿಯಿಂದ ನೀರು ಹೀರುತ್ತದೆ, ಗಾಳಿಗೆ ನೀರು ಬಿಡುತ್ತದೆ. ಸಾಕಷ್ಟು ಹೊತ್ತು ಒಂದೇ ಗಾಳಿಯಲ್ಲಿಟ್ಟರೆ ಕೊಡುವುದು, ತೆಗೆದುಕೊಳ್ಳುವುದು ಸಮವಾಗಿ ನಿಲ್ಲುತ್ತದೆ. ಪ್ರಯೋಗಾಲಯಗಳಲ್ಲಿ ಸಿಗರೇಟನ್ನು ಪರೀಕ್ಷಿಸುವ ಮುನ್ನ ಅಂತಾರಾಷ್ಟ್ರೀಯ ಮಾನಕದಂತೆ 22 ಡಿಗ್ರಿ ಬಿಸಿ, ಶೇ 60 ಸಾಪೇಕ್ಷ ಆರ್ದ್ರತೆಯಲ್ಲಿ ಇಡುತ್ತಾರೆ. ಆಗ ತಂಬಾಕಿನ ತೂಕದಲ್ಲಿ ನೀರು ಶೇ 12–13ರಷ್ಟಿರುತ್ತದೆ. ಆರ್ದ್ರತೆ ಏರಿದಂತೆ ನೀರೂ ಏರುತ್ತದೆ, ಆದರೆ ಒಂದೇ ಗತಿಯಲ್ಲಲ್ಲ. ಗ್ರಾಫ್ ಬಿಡಿಸಿದರೆ ನಡುವೆ ಮೆಲ್ಲಗೆ ಹತ್ತುವ ರೇಖೆ ಎಪ್ಪತ್ತು ದಾಟುತ್ತಲೇ ಕಡಿದಾಗಿ ಮೇಲೇಳುತ್ತದೆ. ಎಲೆಯೊಳಗಿನ ಸಕ್ಕರೆ, ಪೊಟ್ಯಾಸಿಯಂ ಲವಣ ಎಲ್ಲ ಅಲ್ಲಿಂದಾಚೆ ಕರಗಿ ತಮ್ಮ ಪಾಲಿನ ನೀರನ್ನೂ ಎಳೆಯತೊಡಗುತ್ತವೆ. ಐವತ್ತೈದು, ಅರವತ್ತಾದರೆ ದೊಡ್ಡ ವ್ಯತ್ಯಾಸವಿಲ್ಲ. ಎಪ್ಪತ್ತೈದು, ಎಂಬತ್ತಾದರೆ ಕೈಗೆ ಗೊತ್ತಾಗುತ್ತದೆ: ಒತ್ತಿದರೆ ಸ್ಪಂಜಿನಂತೆ ತಗ್ಗಿ, ಬಿಟ್ಟರೆ ಮೇಲೇಳುವುದಿಲ್ಲ.

ಎಪ್ಪತ್ತು ಎಂಬ ಅಂಕಿ ಬಂದದ್ದು ಕೆರೀಬಿಯನ್ ಕಡೆಯಿಂದ. ಕ್ಯೂಬಾದ ಪಶ್ಚಿಮದ ಪಿನಾರ್ ದೆಲ್ ರಿಯೋ ಪ್ರಾಂತ್ಯದ ವುಯೆಲ್ತಾ ಅಬಾಹೋ ಸೀಮೆಯಲ್ಲಿ ಎಲೆ ಬೆಳೆದು, ಹವಾನಾದ ಕಾರ್ಖಾನೆಗಳಲ್ಲಿ ಸುತ್ತುತ್ತಾರೆ. ಕಡಲ ಮಗ್ಗುಲಿನ ಊರು, ವರ್ಷದುದ್ದಕ್ಕೂ ಹಸಿ ಗಾಳಿ. ಸುತ್ತುವ ಮುನ್ನ ಎಲೆ ಹರಿಯದಿರಲೆಂದು ನೀರು ಚಿಮುಕಿಸಿ ಮೆತ್ತಗೆ ಮಾಡುತ್ತಾರೆ. ಹಾಗಾಗಿ ಹೊಸದಾಗಿ ಸುತ್ತಿದ ಸಿಗಾರಿನಲ್ಲಿ ನೀರು ಜಾಸ್ತಿ. ಅದು ಇಳಿಯಲೆಂದು ‘ಎಸ್ಕಾಪರಾತೆ’ ಎಂಬ ಸೀಡರ್ ಮರದ ಬೀರುಗಳಿರುವ ಕೋಣೆಯಲ್ಲಿ ವಾರಗಟ್ಟಲೆ ವಿಶ್ರಾಂತಿ. ಅಂಥ ಹವೆಯಲ್ಲಿ ಸಿಗಾರು ಮೇಜಿನ ಮೇಲಿದ್ದರೂ ಹೇಗೋ ಬಾಳುತ್ತದೆ. ಲಂಡನ್ನಿನಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದ ಮನೆಯಲ್ಲಿ ಬಾಳುವುದಿಲ್ಲ. ಕೆಲವೇ ದಿನಗಳಲ್ಲಿ ಸಿಪ್ಪೆ ಬಿರಿಯುತ್ತದೆ. ಹಾಗೆ ಹುಟ್ಟಿದ್ದು ಹ್ಯುಮಿಡಾರ್, ಎಂದರೆ ಹವಾನಾದ ಗಾಳಿಯನ್ನು ಮರದ ಪೆಟ್ಟಿಗೆಯಲ್ಲಿ ಹಿಡಿದಿಡುವ ಉಪಾಯ. ಎಪ್ಪತ್ತು ಎಂಬುದು ರೂಢಿಯಿಂದ ಬಂದ ಅಂಕಿಯೇ ಹೊರತು ಪ್ರಕೃತಿಯ ನಿಯಮವಲ್ಲ. ಈಚೆಗೆ ಅನೇಕರು ಅರವತ್ತೈದಕ್ಕೇ ಇಳಿಸಿದ್ದಾರೆ. ನೀರಿನ ಖರ್ಚಿನ ಲೆಕ್ಕ ನೋಡಿದರೆ ಅವರ ಪಕ್ಷವೇ ಸರಿಯೆನಿಸುತ್ತದೆ. ಡಚ್ಚರ ಸಣ್ಣ ಸಿಗಾರುಗಳಿಗಂತೂ ಪೆಟ್ಟಿಗೆಯೇ ಬೇಡ. ಚೂರು ಮಾಡಿದ ಎಲೆ, ಸಪೂರ ಮೈ, ಒಣಗಿದ್ದರೂ ಚೆನ್ನಾಗಿಯೇ ಉರಿಯುತ್ತವೆ.

ಪೆಟ್ಟಿಗೆಯ ಒಳಗೆ ನೀರು ಎಲ್ಲಿದೆ ಎಂದು ತೂಗಿ ನೋಡಬೇಕು. ರೊಬುಸ್ತೊ ಎಂಬ ಜನಪ್ರಿಯ ಅಳತೆಯ ಸಿಗಾರು 124 ಮಿಲಿಮೀಟರ್ ಉದ್ದ, ತೂಕ ಹನ್ನೊಂದೂವರೆ ಗ್ರಾಂ ಸುಮಾರು. ಅಂಥವು 25 ಇದ್ದರೆ 290 ಗ್ರಾಂ ಎಲೆ, ಅದರಲ್ಲಿ 40 ಗ್ರಾಂ ನೀರು. ಪೆಟ್ಟಿಗೆಯಲ್ಲಿ ಉಳಿದ ಜಾಗ ಐದು ಲೀಟರ್ ಎನ್ನಿ. 20 ಡಿಗ್ರಿ, ಶೇ 70ರಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರಾವಿ 12 ಗ್ರಾಂ. ಐದು ಲೀಟರಿಗೆ 0.06 ಗ್ರಾಂ, ಒಂದು ಹನಿ. ಪೆಟ್ಟಿಗೆಯ ಆರ್ದ್ರತೆ ತೋರಿಸುವ ಮೀಟರ್ ಅಳೆಯುತ್ತಿರುವುದು ಆ ಒಂದು ಹನಿಯನ್ನು. ಗಾಳಿ ಚಿಲ್ಲರೆ ಕಾಸಿನ ಜೇಬು, ತಿಜೋರಿ ಇರುವುದು ಎಲೆಯಲ್ಲಿ.

ಮುಚ್ಚಳ ತೆಗೆದಾಗ ಮೀಟರ್ ಐವತ್ತಕ್ಕೆ ಬಿತ್ತೆಂದು ಗಾಬರಿಯಾಗುವವರಿದ್ದಾರೆ. ಹೋದದ್ದು ಹೆಚ್ಚೆಂದರೆ ಆ ಹನಿಯ ಒಂದು ಪಾಲು. ಮುಚ್ಚಿದ ಮೇಲೆ ಎಲೆ ತಾನೇ ತುಂಬಿಕೊಡುತ್ತದೆ. ಬಿಸಿಲೇರಿದಾಗಲೂ ಇದೇ ಕತೆ. ಪೆಟ್ಟಿಗೆ ಖಾಲಿಯಿದ್ದು 20 ಡಿಗ್ರಿಯಿಂದ 30ಕ್ಕೆ ಬಿಸಿಯಾದರೆ ಶೇ 70 ಇದ್ದದ್ದು 40ಕ್ಕೆ ಇಳಿಯಬೇಕು, ಏಕೆಂದರೆ ಬಿಸಿ ಗಾಳಿಗೆ ನೀರು ಹಿಡಿಯುವ ತಾಕತ್ತು ಹೆಚ್ಚು. ಸಿಗಾರು ತುಂಬಿದ ಪೆಟ್ಟಿಗೆಯಲ್ಲಿ ಹಾಗಾಗುವುದಿಲ್ಲ. ಎಲೆ ಇನ್ನೊಂದು ಹನಿ ಬಿಟ್ಟು ಅಂಕಿಯನ್ನು ಎಪ್ಪತ್ತರ ಹತ್ತಿರಕ್ಕೇ ತಂದು ನಿಲ್ಲಿಸುತ್ತದೆ. ತುಂಬಿದ ಪೆಟ್ಟಿಗೆ ಸ್ಥಿರವಾಗಿಯೂ ಅರೆಖಾಲಿ ಪೆಟ್ಟಿಗೆ ಚಂಚಲವಾಗಿಯೂ ಇರುವುದು ಇದರಿಂದಲೇ. ಅಪಾಯ ಇರುವುದು ಮುಚ್ಚಳದ ಸಂದಿನಲ್ಲಿ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಗಾಳಿಯ ಆರ್ದ್ರತೆ ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ಸಡಿಲ ಮುಚ್ಚಳದ ಪೆಟ್ಟಿಗೆಯಿಂದ ದಿನಕ್ಕಿಷ್ಟು ಎಂದು ಸೋರುತ್ತ ತಿಂಗಳೊಳಗೆ ತಿಜೋರಿ ಬರಿದಾಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಅದೇ ಸಂದು ತೊಂಬತ್ತರ ಗಾಳಿಯನ್ನು ಒಳಗೆ ಬಿಡುತ್ತದೆ. ಹ್ಯುಮಿಡಾರಿಗೆ ನೀರು ಕೊಡುವ ಸಾಧನವಷ್ಟೇ ಸಾಕೆಂದು ಪುಸ್ತಕಗಳಲ್ಲಿ ಬರೆದವರು ಕರಾವಳಿಯ ಜುಲೈ ಕಂಡವರಲ್ಲ.

ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಎರಡನ್ನೂ ಮಾಡಬಲ್ಲ ಸಾಧನ ಅಡುಗೆಮನೆಯಲ್ಲೇ ಇದೆ. ಮಲೆನಾಡು, ಕರಾವಳಿಗಳಲ್ಲಿ ಆಷಾಢದ ಹೊತ್ತಿಗೆ ಉಪ್ಪಿನ ಮರಿಗೆಯಲ್ಲಿ ಕಲ್ಲುಪ್ಪು ನೀರೊಡೆಯುವುದು ಎಲ್ಲರೂ ಕಂಡದ್ದೇ. ಶುದ್ಧ ಅಡುಗೆ ಉಪ್ಪಿಗೆ ಅದರ ಗೆರೆ ಶೇ 75. ಗಾಳಿ ಅದಕ್ಕಿಂತ ಹಸಿಯಾದರೆ ಉಪ್ಪು ನೀರು ಹೀರಿ ಕರಗುತ್ತದೆ. ಒಣಗಿದ್ದರೆ ಉಪ್ಪುನೀರು ಆವಿ ಬಿಟ್ಟು ಹರಳಾಗುತ್ತದೆ. (ಕಲ್ಲುಪ್ಪಿನಲ್ಲಿ ಬೆರೆತ ಮೆಗ್ನೀಸಿಯಂ ಕ್ಲೋರೈಡಿನ ಗೆರೆ ಬರೀ 33, ಅದರಿಂದಲೇ ಕಲ್ಲುಪ್ಪು ಬೇಗ ಜಿನುಗುವುದು.) ಹರಳೂ ನೀರೂ ಎರಡೂ ಇರುವವರೆಗೆ ಮುಚ್ಚಿದ ಜಾಗದ ಆರ್ದ್ರತೆ 75 ಬಿಟ್ಟು ಕದಲುವುದಿಲ್ಲ. 20 ಡಿಗ್ರಿಯಿರಲಿ 30 ಇರಲಿ, ಅರ್ಧ ಅಂಕಿಯ ವ್ಯತ್ಯಾಸವೂ ಬರುವುದಿಲ್ಲ.

ಮೀಟರನ್ನು ಪರೀಕ್ಷಿಸುವ ಅಗ್ಗದ ದಾರಿಯೂ ಇದೇ. ಸೋಡಾ ಬಾಟಲಿಯ ಮುಚ್ಚಳಕ್ಕೆ ಪುಡಿಯುಪ್ಪು ತುಂಬಿ, ಕೆಲವೇ ಹನಿ ನೀರು ಬಿಟ್ಟು, ಕಲಸಿದರೆ ಒದ್ದೆ ಮರಳಿನ ಹದ ಬರಬೇಕು. ಮೇಲೆ ನೀರು ನಿಂತರೆ ಹೆಚ್ಚಾಯಿತೆಂದು ಅರ್ಥ. ಅದನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ 75 ತೋರಿಸಿದರೆ ಮೀಟರ್ ಸಾಚಾ. 71 ತೋರಿಸಿದರೆ ಇನ್ನುಮುಂದೆ ಅದರ ಮಾತಿಗೆ ನಾಲ್ಕು ಕೂಡಿಸಿ ನಂಬಬೇಕು. ಪೆಟ್ಟಿಗೆಯ ಮುಂಭಾಗದಲ್ಲಿ ಹಿತ್ತಾಳೆಯ ಮುಳ್ಳಿನ ಮೀಟರ್ ಇರುತ್ತದಲ್ಲ, ಅದು ಬಹುತೇಕ ಅಲಂಕಾರಕ್ಕೆ. ಅಂಗಡಿಗಳಲ್ಲಿ 65, 69, 72 ಎಂದು ನಮೂದಿಸಿ ಮಾರುವ ಪುಟ್ಟ ಪೊಟ್ಟಣಗಳಲ್ಲಿ ಇರುವುದೂ ಬೇರೇನಲ್ಲ: ಆಯಾ ಗೆರೆಯ ಲವಣದ ಗಟ್ಟಿ ದ್ರಾವಣ, ಆವಿ ಮಾತ್ರ ದಾಟಬಲ್ಲ ಪೊರೆ. ಹಳೆಯ ಪದ್ಧತಿಯ ಸ್ಪಂಜು ಮತ್ತು ನೀರು ಕೊಡಬಲ್ಲದು, ಹಿಂದಕ್ಕೆ ಪಡೆಯಲಾರದು.

ಇಷ್ಟಾದರೂ ‘ಮೂರು ದಿನದಿಂದ ಎಪ್ಪತ್ತರಲ್ಲಿದೆ, ಆದರೂ ಆರುತ್ತಿದೆ’ ಎಂಬ ದೂರು ತಪ್ಪದು. ಇಲ್ಲಿ ಕಾಲದ ಮಾತು ಬರುತ್ತದೆ. ಹೊದಿಕೆ ಎಲೆ ಗಾಳಿಗೆ ಕೆಲವೇ ಗಂಟೆಗಳಲ್ಲಿ ಹೊಂದಿಕೊಂಡರೆ ಒಡಲಿನ ಎಲೆಗೆ ವಾರಗಳು ಬೇಕು. ನೀರು ಒಳಕ್ಕೆ ಹಬ್ಬುವ ಕಾಲ ದೂರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ: ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿ. ಸಿಗಾರಿನ ದಪ್ಪವನ್ನು ಅಂಗುಲದ ಅರವತ್ನಾಲ್ಕನೇ ಭಾಗಗಳಲ್ಲಿ ಅಳೆಯುತ್ತಾರೆ. ರೊಬುಸ್ತೊ 50, ಅಂದರೆ ಸುಮಾರು 20 ಮಿಲಿಮೀಟರ್. ಸಪೂರ ಲಾನ್ಸೆರೊ 38, ಅಂದರೆ 15. ಅಂತರ ಐದೇ ಮಿಲಿಮೀಟರ್, ಕಾಯಬೇಕಾದ ಕಾಲ ಮಾತ್ರ ಒಂದೂಮುಕ್ಕಾಲು ಪಟ್ಟು. ಒಣಗಿದ ಸಿಗಾರನ್ನು ಒಮ್ಮೆಲೇ ಎಪ್ಪತ್ತೈದಕ್ಕೆ ತಳ್ಳಿದರೆ ಮೇಲಿನ ಎಲೆಗಳು ಮೊದಲು ಉಬ್ಬುತ್ತವೆ, ಒಳಗಿನವು ಹಾಗೇ ಇರುತ್ತವೆ. ಒಳಗು ಹಸಿಯಾಗಿದ್ದದ್ದನ್ನು ಒಣ ಗಾಳಿಗೆ ತಂದರೆ ತಿರುವುಮುರುವು: ಹೊದಿಕೆ ಕುಗ್ಗುತ್ತದೆ, ಒಡಲು ಕುಗ್ಗದು, ನಡುವೆ ಚಟ್ ಎಂದು ಸೀಳುತ್ತದೆ. ಹೊತ್ತಿಸಿದಾಗ ಇದೇ ಅಸಮತೆ ಕೆಂಡದ ಆಕಾರದಲ್ಲಿ ಕಾಣುತ್ತದೆ. ಹೊದಿಕೆ ಒಣಗಿ ಒಡಲು ಹಸಿಯಿದ್ದರೆ ಸಿಪ್ಪೆ ಮುಂದೋಡಿ ನಡುವೆ ಕಪ್ಪು ಮೂತಿ ಉಳಿಯುತ್ತದೆ. ಹೊದಿಕೆ ಹಸಿಯಿದ್ದರೆ ಕೆಂಡ ಒಳಗೊಳಗೇ ಸುರಂಗ ಕೊರೆದುಕೊಂಡು ಹೋಗಿ, ಹೊರಗೆ ಸುಡದ ಕೊಳವೆ ನಿಲ್ಲುತ್ತದೆ. ಮೀಟರಿಗಿಂತ ಈ ಮೂತಿ ನೋಡಿ ಹೇಳುವುದೇ ಹೆಚ್ಚು ಖಚಿತ.

ಪೆಟ್ಟಿಗೆಯ ಒಳಮೈಗೆ ಹಾಕುವ ‘ಸ್ಪ್ಯಾನಿಷ್ ಸೀಡರ್’ ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಅಮೆರಿಕ ಖಂಡದ ಉಷ್ಣವಲಯದ ಸೆಡ್ರೆಲಾ ಒಡೊರಾಟಾ ಮರ ಅದು; ಕುಲದಲ್ಲಿ ಮಹಾಗನಿಗೂ ನಮ್ಮ ಬೇವಿಗೂ ನೆಂಟ. ನೀರು ಹೀರಿ ಬಿಡುವುದರಲ್ಲಿ ಎಲೆಗೆ ಜೊತೆಗಾರ, ಹಸಿಯಲ್ಲೂ ಅಷ್ಟಾಗಿ ಸೊಟ್ಟಗಾಗದು, ವಾಸನೆಗೆ ಹುಳ ಕೊಂಚ ದೂರ. ಹೊಸ ಪೆಟ್ಟಿಗೆಯ ಒಣ ಮರ ಮೊದಲ ವಾರಗಳಲ್ಲಿ ಸಿಗಾರಿನ ನೀರನ್ನೇ ಕುಡಿದುಬಿಡುವುದರಿಂದ ಮೊದಲು ಮರಕ್ಕೆ ನೀರು ಉಣಿಸುತ್ತಾರೆ. ಇಂಥ ಪೆಟ್ಟಿಗೆಗೆ ಜನ ಎಷ್ಟು ಬೆಲೆ ಕೊಟ್ಟಾರು? ಹಾಸ್ಯನಟ ಮಿಲ್ಟನ್ ಬರ್ಲ್ 1961ರಲ್ಲಿ ಅಧ್ಯಕ್ಷ ಕೆನಡಿಗೆ ಉಡುಗೊರೆ ಕೊಟ್ಟ ಹ್ಯುಮಿಡಾರ್ 1996ರ ಹರಾಜಿನಲ್ಲಿ 5,74,500 ಡಾಲರಿಗೆ ಹೋಯಿತು. ಗಾಳಿ ಬಿಗಿಯಾಗಿ ನಿಲ್ಲಿಸುವ ಕೆಲಸಕ್ಕಾದರೆ ಅಡುಗೆಮನೆಯ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಅದಕ್ಕಿಂತ ವಾಸಿ.

ಮೇಲಿನ ಮಿತಿಯನ್ನು ಹಾಕಿಕೊಡುವುದು ಬೂಷ್ಟು. ಹೆಚ್ಚಿನ ಬೂಷ್ಟುಗಳಿಗೆ ಎಪ್ಪತ್ತರ ಕೆಳಗೆ ಬದುಕು ಕಷ್ಟ, ಎಪ್ಪತ್ತೈದರಾಚೆ ಹಬ್ಬ. ಧಾನ್ಯ ಕಾಪಿಡುವವರ ಗೆರೆಯೂ ಇದೇ. ಹುಳದ ಕತೆ ಬೇರೆ. ಅದಕ್ಕೆ ಮುಖ್ಯ ಬಿಸಿ. ಅರಿಶಿನದ ಕೊಂಬು, ಕೊತ್ತಂಬರಿ ಬೀಜಗಳಲ್ಲಿ ಸೂಜಿಯ ತೂತು ಮಾಡುವ ಆ ಕಂದು ಪುಟ್ಟ ಜೀರುಂಡೆಯ ಹೆಸರೇ ಸಿಗರೇಟ್ ಬೀಟಲ್. ಅದು ಕೊರೆದ ಸಿಗಾರಿನಲ್ಲಿ ಎಳೆದ ಗಾಳಿ ಕೆಂಡದ ಮೂಲಕ ಬರುವ ಬದಲು ಪಕ್ಕದ ತೂತಿನಿಂದ ಬರುತ್ತದೆ. ಆರ್ದ್ರತೆ ಎಷ್ಟೇ ಸರಿಯಿರಲಿ, ಆಮೇಲೆ ಅದು ಹೊತ್ತಿ ನಿಲ್ಲುವುದಿಲ್ಲ.

ಸರಿಯಾಗಿ ಇಟ್ಟ ಸಿಗಾರೂ ಕೊನೆಯ ಮೂರನೇ ಒಂದು ಭಾಗದಲ್ಲಿ ಮೊಂಡುತನ ಮಾಡುವುದುಂಟು. ಕೆಂಡದ ಹಿಂದೆ ಆವಿಯಾದ ನೀರು ಪೂರ್ತಿ ಬಾಯಿಗೆ ಬರುವುದಿಲ್ಲ. ದಾರಿಯ ತಣ್ಣನೆಯ ಎಲೆಯ ಮೇಲೆ ಡಾಂಬರಿನ ಜೊತೆ ಮತ್ತೆ ಹನಿಗಟ್ಟುತ್ತದೆ. ಮೊದಲರ್ಧ ಉರಿಯುವ ಹೊತ್ತಿಗೆ ಉಳಿದರ್ಧ ಹೊರಟಾಗಿನದಕ್ಕಿಂತ ಒದ್ದೆ. ಸೇದುವವನ ಎಂಜಲೂ ಸೇರುತ್ತದೆ. ಕೆಂಡ ಆರದಂತೆ ಕಾಯುವ ಬೇರೊಂದು ಉಪಾಯವೂ ಉಂಟು. ಆಂಧ್ರದ ಶ್ರೀಕಾಕುಳಂ, ವಿಶಾಖಪಟ್ಟಣದ ಕರಾವಳಿಯಲ್ಲಿ ಚುಟ್ಟವನ್ನು ತಿರುಗಿಸಿ, ಕೆಂಡದ ತುದಿಯನ್ನೇ ಬಾಯೊಳಗಿಟ್ಟು ಸೇದುವ ‘ಅಡ್ಡ ಪೊಗ’ ಎಂಬ ರೂಢಿ ಹೆಂಗಸರಲ್ಲಿ ಬಹುಕಾಲದಿಂದ ಇದೆ. ಕಡಲ ಗಾಳಿಗೆ ಕೆಂಡ ಆರದು, ಚುಟ್ಟ ಹೆಚ್ಚು ಹೊತ್ತು ಬರುತ್ತದೆ. ಅಂಗುಳಿನ ಕ್ಯಾನ್ಸರ್ ಆ ಭಾಗದಲ್ಲಿ ಹೆಚ್ಚಾಗಿ ಕಂಡದ್ದೂ ಆ ಕೆಂಡದಿಂದಲೇ. ಹೊಗೆಯನ್ನು ಎದೆಗೆ ಇಳಿಸದ ಸಿಗಾರು ನಿರಪಾಯ ಎಂಬ ನಂಬಿಕೆಗೂ ಆಧಾರವಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಅದು ಸಾಕಾಗುತ್ತದೆ.

ಪೆಟ್ಟಿಗೆ, ಮೀಟರು, ಕಾಲ ಎಲ್ಲ ಕೂಡಿಬಂದರೂ ಆರುವ ಸಿಗಾರುಗಳಿವೆ. ಆಗ ನೋಡಬೇಕಾದದ್ದು ಮಣ್ಣನ್ನು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ತಿಯೊಫಿಲ್ ಶ್ಲೋಸಿಂಗ್ 1860ರ ಸುಮಾರಿಗೆ ಚೆನ್ನಾಗಿ ಉರಿಯುವ, ಉರಿಯದ ತಂಬಾಕುಗಳ ಬೂದಿಯನ್ನು ಹೋಲಿಸಿ ನೋಡಿದ. ಉರಿಯುವ ಎಲೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಸಿಕ್ಕಿತು. ಅಂದರೆ ಎಲೆಯಲ್ಲಿ ಪೊಟ್ಯಾಸಿಯಂ ಸಾವಯವ ಆಮ್ಲಗಳ ಜೊತೆ ಕೂಡಿತ್ತು. ಅಂಥ ಲವಣ ಇದ್ದಿಲಿನ ದಹನಕ್ಕೆ ಚುರುಕು ಕೊಡುತ್ತದೆ. ಸಿಗರೇಟು ಕಾಗದದ ಸಿಟ್ರೇಟ್ ಮಾಡುವುದೂ ಇದೇ ಕೆಲಸ. ಪೊಟ್ಯಾಸಿಯಂ ಕ್ಲೋರಿನ್ ಜೊತೆ ಕೂಡಿದರೆ ಗುಣ ತಿರುಗುತ್ತದೆ. ಕ್ಲೋರೈಡ್ ಹೆಚ್ಚಾದ ಎಲೆ ಕೆಂಡ ಹಿಡಿಯುವುದಿಲ್ಲ, ಮೇಲಾಗಿ ಅದೇ ಗಾಳಿಯಿಂದ ಬೇರೆ ಎಲೆಗಿಂತ ಹೆಚ್ಚು ನೀರು ಹೀರಿ ಜಿಬುಜಿಬು ಎನ್ನುತ್ತದೆ. ಎರಡು ಸಿಗಾರು ಒಂದೇ ಪೆಟ್ಟಿಗೆಯಲ್ಲಿದ್ದು, ಒಂದೇ ಮೀಟರಿನ ಕೆಳಗೆ ಬೇರೆ ಬೇರೆ ನೀರು ಹಿಡಿದಿರಬಲ್ಲವು.

ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಸಿಗಾರಿನದಲ್ಲ, ಸಿಗರೇಟಿನ ಹೊಗೆಸೊಪ್ಪು. ಆದರೆ ನಿಯಮ ಅಲ್ಲಿಗೂ ಒಂದೇ. ಬ್ಯಾರನ್ನಿನಲ್ಲಿ ಹದ ಮಾಡಿದ ಸೊಪ್ಪು ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಿರುತ್ತದೆ. ಬಾಗಿಲು ತೆರೆದು ರಾತ್ರಿಯ ತಂಪು ಗಾಳಿ ಆಡಲು ಬಿಟ್ಟು, ಸೊಪ್ಪು ಮೆತ್ತಗಾದ ಮೇಲೆಯೇ ಇಳಿಸುತ್ತಾರೆ. ಗೊಬ್ಬರದ ವಿಷಯದಲ್ಲೂ ಅಲ್ಲಿನವರು ಪಕ್ಕಾ. ಬೇರೆ ಬಹುತೇಕ ಬೆಳೆಗಳಿಗೆ ನಡೆಯುವ ಎಂಒಪಿ, ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಹೊಗೆಸೊಪ್ಪಿಗೆ ಹಾಕುವುದಿಲ್ಲ. ಬೆಲೆ ಹೆಚ್ಚಾದರೂ ಕ್ಲೋರಿನ್ ಇಲ್ಲದ ಎಸ್‌ಒಪಿಯನ್ನೇ, ಅಂದರೆ ಪೊಟ್ಯಾಸಿಯಂ ಸಲ್ಫೇಟನ್ನೇ, ಕೇಳಿ ಒಯ್ಯುತ್ತಾರೆ.